ಯಹೂದಿ–ಮುಸ್ಲಿಂ ಕಲಾವಿದರ ಜಂಟಿ ಫೆಲೋಶಿಪ್: ನಡೆಸುವವರಿಗೊಂದು ಕೈಪಿಡಿ

ದಾವೀದನ ನಕ್ಷತ್ರ, ಪಕ್ಕದಲ್ಲಿ ಅರ್ಧಚಂದ್ರ, ಮಧ್ಯೆ ಒಂದು ಬಿಳಿ ಪಾರಿವಾಳ. ಯಹೂದಿ ಮತ್ತು ಮುಸ್ಲಿಂ ಕಲಾವಿದರನ್ನು ಒಟ್ಟಿಗೆ ಕೂರಿಸುವ ಎಷ್ಟೋ ಯೋಜನೆಗಳು ಇಂಥ ಪೋಸ್ಟರ್‌ನಿಂದ ಶುರುವಾಗಿ ಅಲ್ಲಿಗೇ ನಿಂತುಬಿಡುತ್ತವೆ. ಪೋಸ್ಟರ್ ಆಮೇಲೆ ಮಾಡಿಕೊಳ್ಳಿ. ಅದಕ್ಕೂ ಮೊದಲು ಎರಡು ಪಂಚಾಂಗ, ಒಂದು ಕರಾರುಪತ್ರ ಮತ್ತು ಕಾಗದದ ಚೂರು ಹಾಕಲು ಒಂದು ಮುಚ್ಚಳದ ಪೆಟ್ಟಿಗೆ ಬೇಕು. ಪೆಟ್ಟಿಗೆ ಏಕೆ ಅನ್ನುವುದು ಮುಂದೆ ಬರುತ್ತದೆ.

ಇಲ್ಲಿ ಹೇಳುತ್ತಿರುವ ಮಾದರಿ ಇಷ್ಟು: ಹನ್ನೆರಡು ಕಲಾವಿದರು, ಒಂಬತ್ತು ತಿಂಗಳು, ಇಬ್ಬಿಬ್ಬರ ಆರು ಜೋಡಿ. ಪ್ರತಿ ಜೋಡಿ ಸೇರಿ ಒಂದು ಕೃತಿ ಮಾಡಬೇಕು, ಅದು ಇಬ್ಬರಲ್ಲಿ ಯಾರೊಬ್ಬರಿಂದಲೂ ಒಂಟಿಯಾಗಿ ಆಗುವಂಥದ್ದಾಗಿರಬಾರದು. ಸಂವಾದ, ಸೌಹಾರ್ದ ಎಲ್ಲ ಈ ಕೆಲಸದ ಬೆನ್ನಿಗೆ ಬಂದರೆ ಬರಲಿ. ಸಂವಾದವನ್ನೇ ಕಾರ್ಯಕ್ರಮ ಮಾಡಿಕೊಂಡರೆ ಮಾತಿನಲ್ಲಿ ಚುರುಕಾದವರು ಮಾತಾಡುತ್ತಾರೆ, ಕೈಯಲ್ಲಿ ಚುರುಕಾದವರು ಮೂಲೆ ಹಿಡಿಯುತ್ತಾರೆ. ಬೇರೆ ಬೇರೆ ಗುಂಪಿನವರ ಒಡನಾಟ ಪೂರ್ವಗ್ರಹವನ್ನು ತಗ್ಗಿಸಬೇಕಾದರೆ ನಾಲ್ಕು ಷರತ್ತು ಕೂಡಿಬರಬೇಕೆಂದು ಮನಶ್ಶಾಸ್ತ್ರಜ್ಞ ಗೋರ್ಡನ್ ಆಲ್‌ಪೋರ್ಟ್ 1954ರಲ್ಲೇ ಬರೆದಿದ್ದರು: ಸಮಾನ ಸ್ಥಾನ, ಸಮಾನ ಗುರಿ, ಪರಸ್ಪರ ಸಹಕಾರ, ಮೇಲಿನವರ ಬೆಂಬಲ. ಸುಮ್ಮನೆ ಒಂದೇ ಕೋಣೆಯಲ್ಲಿ ಕೂತರೆ ಸಾಕು ಎಂದು ಅವರು ಹೇಳಲಿಲ್ಲ. ಮುಂದಿನದೆಲ್ಲ ಈ ನಾಲ್ಕನ್ನು ಕಾಗದದ ಮೇಲಿಂದ ಸ್ಟುಡಿಯೊಗೆ ಇಳಿಸುವ ಬಗೆ.

ಯಾರು, ಎಷ್ಟು ಜನ

ಆರು ಜನರ ತಂಡದಲ್ಲಿ ಒಬ್ಬರು ಬಿಟ್ಟುಹೋದರೆ ತಕ್ಕಡಿ ವಾಲುತ್ತದೆ, ಉಳಿದ ಕಡೆಯವರ ಮೇಲೆ ಸಮುದಾಯದ ವಕ್ತಾರರಾಗುವ ಹೊರೆ ಬೀಳುತ್ತದೆ. ಇಪ್ಪತ್ತಾದರೆ ಎರಡು ಗುಂಪು ತಾನಾಗಿಯೇ ಎರಡು ಮೇಜು ಹಿಡಿಯುತ್ತದೆ. ಹತ್ತರಿಂದ ಹನ್ನೆರಡು ಸರಿ. ಅರ್ಧರ್ಧ ಇರಲಿ, ಆದರೆ ಆ ಅರ್ಧದ ಒಳಗೆ ಏನಿದೆ ಅನ್ನುವುದು ಮುಖ್ಯ.

ಆರು ಯಹೂದಿಗಳೂ ಧರ್ಮಾಚರಣೆ ಬಿಟ್ಟವರು, ಆರು ಮುಸ್ಲಿಮರೂ ಐದು ಹೊತ್ತಿನ ನಮಾಜ್ ತಪ್ಪಿಸದವರು ಎಂದಿಟ್ಟುಕೊಳ್ಳಿ. ಅಲ್ಲಿ ನಡೆಯುವುದು ಆಸ್ತಿಕ–ನಾಸ್ತಿಕ ವಾದ. ನೀವು ಅದಕ್ಕೆ ಯಹೂದಿ–ಮುಸ್ಲಿಂ ಎಂದು ಹೆಸರಿಟ್ಟಿರುತ್ತೀರಿ, ಅಷ್ಟೇ. ಎರಡೂ ಕಡೆ ಆಚರಣೆಯುಳ್ಳವರು, ಅರೆಬರೆಯವರು, ಬಿಟ್ಟವರು ಇರಲಿ. ಯಹೂದಿ ಎಂದರೆ ಪೂರ್ವ ಯುರೋಪಿನ ಅಶ್ಕೆನಾಜಿಗಳೊಬ್ಬರೇ ಅಲ್ಲ: ಸ್ಪೇನ್ ಮೂಲದ ಸೆಫಾರ್ಡಿಗಳು, ಇರಾಕ್–ಯೆಮೆನ್–ಇರಾನ್ ಕಡೆಯ ಮಿಜ್ರಾಹಿಗಳು, ಇಥಿಯೋಪಿಯದವರು ಇದ್ದಾರೆ. ಬಾಗ್ದಾದ್ ಮೂಲದ ಯಹೂದಿಯ ಅಜ್ಜಿಯ ಮನೆಮಾತು ಅರಬ್ಬಿ ಆಗಿರುತ್ತದೆ, ಮುಸ್ಲಿಂ ಜೊತೆಗಾರರ ಮನೆಮಾತು ಉರ್ದುವೋ ಸೆನೆಗಲ್ ಕಡೆಯ ವೊಲೋಫೋ ಆಗಿರುತ್ತದೆ. ಮುಸ್ಲಿಂ ಎಂದರೆ ಅರಬ್ಬರು ಎಂದು ಅಂದುಕೊಂಡವರ ತಲೆ ಅಲ್ಲೇ ತಿರುಗುತ್ತದೆ, ತಿರುಗಬೇಕು. ಸುನ್ನಿ, ಶಿಯಾ, ಇಸ್ಮಾಯಿಲಿ, ಮತಾಂತರಗೊಂಡವರು, ತಾಯಿ ಒಂದು ಕಡೆ ತಂದೆ ಇನ್ನೊಂದು ಕಡೆಯವರು, ಎಲ್ಲರಿಗೂ ಅರ್ಜಿಯಲ್ಲಿ ಜಾಗ ಇರಲಿ. ಯಾರು ನಿಜವಾದ ಯಹೂದಿ, ಯಾರು ನಿಜವಾದ ಮುಸ್ಲಿಂ ಎಂದು ತೀರ್ಪು ಕೊಡುವ ಕೆಲಸ ಆಯ್ಕೆ ಸಮಿತಿಯದಲ್ಲ. ಅರ್ಜಿದಾರರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೋ ಅದೇ ಸರಿ.

ಸಂಯೋಜಕರು ಇಬ್ಬರು, ಕಡೆಗೊಬ್ಬರು, ಸಂಬಳ ಒಂದೇ. ಒಬ್ಬರು ಪೂರ್ಣಾವಧಿ, ಇನ್ನೊಬ್ಬರು ಸಲಹೆಗಾರರು ಎಂಬ ಏರ್ಪಾಡು ಮೊದಲ ವಾರದಲ್ಲೇ ಎಲ್ಲರ ಕಣ್ಣಿಗೆ ಬೀಳುತ್ತದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಪಂಚಾಂಗ ಮುಂದಿಟ್ಟುಕೊಂಡು ಕೂರಿ

ಇಂಥ ಕಾರ್ಯಕ್ರಮ ಧರ್ಮಶಾಸ್ತ್ರದ ಜಗಳದಿಂದ ಕೆಡುವುದಕ್ಕಿಂತ ದಿನಾಂಕದ ಎಡವಟ್ಟಿನಿಂದ ಕೆಡುವುದು ಸುಲಭ. ಇಸ್ಲಾಮಿ ಪಂಚಾಂಗದ ಹಿಜರಿ ವರ್ಷಕ್ಕೆ 354 ಅಥವಾ 355 ದಿನ. ಹಾಗಾಗಿ ರಂಜಾನ್ ವರ್ಷಕ್ಕೆ ಹತ್ತು ಹನ್ನೆರಡು ದಿನ ಹಿಂದೆ ಸರಿಯುತ್ತ ಎಲ್ಲ ಋತುಗಳನ್ನೂ ಸುತ್ತುತ್ತದೆ. ಯಹೂದಿ ಪಂಚಾಂಗವೂ ಚಾಂದ್ರಮಾನವೇ, ಆದರೆ 19 ವರ್ಷದಲ್ಲಿ 7 ಸಲ ಅಧಿಕ ಮಾಸ ಸೇರಿಸಿ ಹಬ್ಬಗಳನ್ನು ಋತುವಿಗೆ ಕಟ್ಟಿಹಾಕುತ್ತದೆ. ಒಂದು ಜಾರುತ್ತದೆ, ಇನ್ನೊಂದು ನಿಲ್ಲುತ್ತದೆ. ಆದ್ದರಿಂದ ಕಳೆದ ವರ್ಷದ ವೇಳಾಪಟ್ಟಿಯನ್ನು ನಕಲು ಮಾಡುವಂತಿಲ್ಲ. ಎರಡರಲ್ಲೂ ದಿನ ಶುರುವಾಗುವುದು ಸೂರ್ಯಾಸ್ತಕ್ಕೆ; ಕ್ಯಾಲೆಂಡರ್‌ನಲ್ಲಿ ಸೋಮವಾರ ಎಂದು ಅಚ್ಚಾದ ಹಬ್ಬ ಭಾನುವಾರ ಸಂಜೆಯೇ ಬಂದಿರುತ್ತದೆ.

2026–27ರ ಸಾಲನ್ನೇ ತೆಗೆದುಕೊಳ್ಳಿ. ಯಹೂದಿ ಹೊಸವರ್ಷ ರೋಷ್ ಹಶನಾ 2026ರ ಸೆಪ್ಟೆಂಬರ್ 11ರ ಶುಕ್ರವಾರ ಸಂಜೆ ಶುರು. ಪ್ರಾಯಶ್ಚಿತ್ತದ ಉಪವಾಸದ ದಿನ ಯೋಮ್ ಕಿಪ್ಪುರ್ 20ರ ಸಂಜೆಯಿಂದ 21ರ ರಾತ್ರಿಯವರೆಗೆ. ಪರ್ಣಶಾಲೆಗಳ ಹಬ್ಬ ಸುಕ್ಕೋತ್ ಮತ್ತು ಅದರ ಬಾಲದ ಹಬ್ಬಗಳು ಮುಗಿಯುವಾಗ ಅಕ್ಟೋಬರ್ 4. ಸೆಪ್ಟೆಂಬರ್‌ನಲ್ಲಿ ಉದ್ಘಾಟನೆ ಇಟ್ಟುಕೊಂಡರೆ ಆಚರಣೆಯುಳ್ಳ ಯಹೂದಿಗಳು ಮೊದಲ ತಿಂಗಳ ಅರ್ಧಕ್ಕರ್ಧ ಇರುವುದಿಲ್ಲ, ಅಷ್ಟರಲ್ಲಿ ಗುಂಪು ಅವರಿಲ್ಲದೆಯೇ ಹದಗೊಂಡಿರುತ್ತದೆ. ಅಕ್ಟೋಬರ್ 5ರ ಸೋಮವಾರದಿಂದ ಶುರು ಮಾಡಿ. 2027ರ ಫೆಬ್ರವರಿ 8ರ ಆಸುಪಾಸಿಗೆ ರಂಜಾನ್, ಮಾರ್ಚ್ 10ರ ಆಸುಪಾಸಿಗೆ ಈದ್. ಚಂದ್ರದರ್ಶನದ ಮೇಲೆ ನಿಂತಿರುವುದರಿಂದ ಹಿಂದೆ ಮುಂದೆ ಒಂದೊಂದು ದಿನ ಖಾಲಿ ಬಿಡಿ. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯ ಯಹೂದಿ ಹಬ್ಬ ಪೆಸಾಹ್ ಏಪ್ರಿಲ್ 21ರ ಸಂಜೆಯಿಂದ 29ರವರೆಗೆ. ಬಕ್ರೀದ್ ಮೇ 16ರ ಸುಮಾರಿಗೆ. ಯಹೂದಿಗಳ ಸುಗ್ಗಿಹಬ್ಬ ಶಾವುಓತ್ ಜೂನ್ 10ರ ಸಂಜೆಯಿಂದ. ಇದೆಲ್ಲದರ ನಡುವೆ ಪ್ರದರ್ಶನ ತೆರೆಯಲು ಜೂನ್ 6ರ ಭಾನುವಾರ ಚೆನ್ನಾಗಿ ಹೊಂದುತ್ತದೆ, ಗೋಡೆಗೆ ತೂಗುಹಾಕುವ ಕೆಲಸಕ್ಕೆ ಹಿಂದಿನ ವಾರ ಪೂರ್ತಿ ಸಿಗುತ್ತದೆ.

ವಾರದ ಲೆಕ್ಕವೂ ಇದೆ. ಶುಕ್ರವಾರ ಮಧ್ಯಾಹ್ನ ಜುಮ್ಮಾ ನಮಾಜ್. ಅದೇ ದಿನ ಸೂರ್ಯಾಸ್ತಕ್ಕೆ ಸಾಮಾನ್ಯವಾಗಿ 18 ನಿಮಿಷ ಮೊದಲು ಶಬ್ಬಾತ್ (ಶನಿವಾರ ರಾತ್ರಿಯವರೆಗಿನ ಯಹೂದಿ ವಿಶ್ರಾಂತಿ ದಿನ) ದೀಪ ಹಚ್ಚಬೇಕು. ಲಂಡನ್‌ನಲ್ಲಿ ಡಿಸೆಂಬರ್ ಸೂರ್ಯ ನಾಲ್ಕು ಗಂಟೆಗೆ ಮೊದಲೇ ಮುಳುಗುತ್ತಾನೆ. ನಡುವೆ ಉಳಿಯುವ ಒಂದೂವರೆ ಗಂಟೆಗಾಗಿ ಬಣ್ಣ ಕಲಸುವುದು ದಂಡ. ಶುಕ್ರವಾರ ಪೂರ್ತಿ ರಜೆ ಕೊಟ್ಟುಬಿಡಿ. ಶಬ್ಬಾತ್ ದಿನ ಬರೇ ಬಿಡುವಿನ ದಿನವಲ್ಲ ಎಂಬುದೂ ತಿಳಿದಿರಲಿ. ಅಂದು ನಿಷಿದ್ಧವಾದ 39 ಬಗೆಯ ಕೆಲಸಗಳಲ್ಲಿ ಬರೆಯುವುದು, ಅಳಿಸುವುದು, ಬಣ್ಣ ಹಾಕುವುದು, ನೇಯುವುದು, ಹೊಲಿಯುವುದು, ಕತ್ತರಿಸುವುದು ಎಲ್ಲ ಇವೆ. ಹೆಚ್ಚುಕಡಿಮೆ ಕಲಾಶಾಲೆಯ ಪಠ್ಯಕ್ರಮವೇ ಅದು. ‘ಶನಿವಾರ ಸುಮ್ಮನೆ ಬಂದು ನೋಡಿಹೋಗಿ’ ಎಂಬ ಆಹ್ವಾನಕ್ಕೆ ಅವರು ಕಾರಿನಲ್ಲಿ ಬರುವಂತೆಯೂ ಇಲ್ಲ.

ರಂಜಾನ್ ತಿಂಗಳಲ್ಲಿ ಕೆಲಸ ನಿಲ್ಲಿಸುವುದು ಬೇಡ, ಹೊತ್ತು ಬದಲಿಸಿ. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡೂವರೆ ತನಕ ಕೈಕೆಲಸ. ಸಭೆ, ವಿಮರ್ಶೆ, ಉಪನ್ಯಾಸ ಯಾವುದನ್ನೂ ಇಫ್ತಾರಿಗೆ ಮುಂಚಿನ ಎರಡು ಗಂಟೆಯಲ್ಲಿ ಇಡಬೇಡಿ. ಲೋಹ ಕಾಯಿಸುವ, ಗಾಜು ಊದುವ, ಕುಲುಮೆ ಮುಂದೆ ನಿಲ್ಲುವ ಕೆಲಸವಿದ್ದರೆ ಜನವರಿಯಲ್ಲೇ ಮುಗಿಸಿ.

ಅರ್ಜಿಯಲ್ಲಿ ಏನು ಕೇಳಬೇಕು

ಕೆಲಸದ ಹತ್ತು ಚಿತ್ರಗಳು ಅಥವಾ ಐದು ನಿಮಿಷದ ಧ್ವನಿ/ವಿಡಿಯೊ, 500 ಪದದ ಉತ್ತರಗಳು, ಅರ್ಧ ಗಂಟೆ ಸಂದರ್ಶನ. ‘ಶಾಂತಿಗೆ ಕಲೆ ಹೇಗೆ ನೆರವಾಗುತ್ತದೆ’ ಎಂದು ಕೇಳಬೇಡಿ, ಎಲ್ಲರೂ ಒಂದೇ ಉತ್ತರ ಬರೆಯುತ್ತಾರೆ. ಮೂರು ಪ್ರಶ್ನೆ ಸಾಕು. ಹಿಂದೆ ಯಾರ ಜೊತೆ ಸೇರಿ ಕೆಲಸ ಮಾಡಿದ್ದೀರಿ, ಎಲ್ಲಿ ತಪ್ಪಿತು? ನಿಮ್ಮ ಕೈಲಿ ಈಗ ಅರ್ಧಕ್ಕೆ ನಿಂತ ಕೆಲಸ ಯಾವುದು? ಏನು ಕೊಟ್ಟರೂ ನೀವು ಮಾಡದಿರುವ ಕೆಲಸ ಯಾವುದು? ಮೂರನೆಯ ಪ್ರಶ್ನೆಗೆ ಬರುವ ಉತ್ತರಗಳನ್ನು ಜೋಡಿ ಮಾಡುವಾಗ ಮೇಜಿನ ಮೇಲೆ ಹರಡಿಕೊಳ್ಳಿ. ಮನುಷ್ಯಾಕೃತಿ ಬರೆಯುವುದಿಲ್ಲ ಎನ್ನುವವರು, ಪವಿತ್ರ ಪಠ್ಯವನ್ನು ಕತ್ತರಿಸುವುದಿಲ್ಲ ಎನ್ನುವವರು, ಗಂಡಸರೆದುರು ಹಾಡುವುದಿಲ್ಲ ಎನ್ನುವವರು, ವಾದ್ಯ ಮುಟ್ಟುವುದಿಲ್ಲ ಎನ್ನುವವರು ಎರಡೂ ಕಡೆ ಸಿಗುತ್ತಾರೆ. ಹೆಣ್ಣುಗಂಡು ಕೈಕುಲುಕದ ಪದ್ಧತಿಯಂತೂ ಎರಡೂ ಕಡೆಯ ಸಂಪ್ರದಾಯಸ್ಥರಲ್ಲಿ ಇದೆ; ಮೊದಲ ದಿನ ಕೈ ಎದೆಯ ಮೇಲಿಟ್ಟು ನಮಸ್ಕರಿಸಿದ ಇಬ್ಬರು ಒಬ್ಬರನ್ನೊಬ್ಬರು ನೋಡಿ ನಗುವುದು ಹೀಗೆಯೇ.

ಅರ್ಜಿ ಕರೆಯುವ ಪುಟದಲ್ಲೇ ಎಲ್ಲ ದಾನಿಗಳ ಹೆಸರು, ಪ್ರದರ್ಶನ ನಡೆಯುವ ಜಾಗ ಬರೆದಿರಲಿ. 2005ರಿಂದ ನಡೆಯುತ್ತಿರುವ ಇಸ್ರೇಲ್ ಬಹಿಷ್ಕಾರ ಚಳವಳಿಗೆ ಬದ್ಧರಾದ ಕಲಾವಿದರಿದ್ದಾರೆ, ಆ ಚಳವಳಿಯನ್ನು ಬೆಂಬಲಿಸುವ ಸಂಸ್ಥೆಯ ಹಣ ಮುಟ್ಟದವರೂ ಇದ್ದಾರೆ. ಆರನೇ ತಿಂಗಳಲ್ಲಿ ದಾನಿಯ ಹೆಸರು ಗೊತ್ತಾಗಿ ಜೋಡಿ ಒಡೆಯುವುದಕ್ಕಿಂತ ಅರ್ಜಿಯನ್ನೇ ಹಾಕದಿರುವುದು ಅವರಿಗೂ ನಿಮಗೂ ಒಳ್ಳೆಯದು. ಅರಬ್ಬಿಯಲ್ಲಿ ‘ತತ್ಬೀಅ್’ ಎಂಬ ಮಾತಿದೆ, ಅನ್ಯಾಯವನ್ನು ಮಾಮೂಲು ಮಾಡಿಬಿಡುವುದು ಎಂಬ ಧ್ವನಿಯಲ್ಲಿ. ಭಾಗವಹಿಸುವ ಮುಸ್ಲಿಂ ಕಲಾವಿದರಿಗೆ ತಮ್ಮವರಿಂದಲೇ ಈ ಮಾತು ಬೀಳಬಹುದು, ಯಹೂದಿ ಕಲಾವಿದರಿಗೆ ‘ಕುಲದ್ರೋಹಿ’ ಎಂಬುದು. ಸಂದರ್ಶನದಲ್ಲೇ ಇದನ್ನು ಎತ್ತಿ, ಮನೆಯವರಿಗೆ ಏನು ಹೇಳುತ್ತೀರಿ ಎಂದು ಕೇಳಿ.

ಜೋಡಿ ಕಟ್ಟುವುದು

ಮೊದಲ ದಿನವೇ ಜೋಡಿ ಘೋಷಿಸಬೇಡಿ. ಎಂಟು ವಾರ ಎಲ್ಲರೂ ಎಲ್ಲರ ಜೊತೆ ಸಣ್ಣ ಸಣ್ಣ ಕೆಲಸ ಮಾಡಲಿ. ಎಂಟನೇ ವಾರ ಪ್ರತಿಯೊಬ್ಬರೂ ಚೀಟಿಯಲ್ಲಿ ಮೂರು ಹೆಸರು ಬರೆದುಕೊಡಲಿ, ಬೇಡವೆಂದಿದ್ದರೆ ಒಂದು ಹೆಸರು. ಒಂದೇ ಮಾಧ್ಯಮದವರನ್ನು ಜೋಡಿಸುವುದು ಸುಲಭ ಅನ್ನಿಸುತ್ತದೆ, ಆದರೆ ಇಬ್ಬರು ತೈಲವರ್ಣದವರು ಒಂದು ಕ್ಯಾನ್ವಾಸ್ ಮುಂದೆ ನಿಂತರೆ ಒಬ್ಬರ ಕೈ ಗೆಲ್ಲುತ್ತದೆ. ಪಿಂಗಾಣಿಯವರಿಗೆ ಧ್ವನಿಯವರು, ನೇಯ್ಗೆಯವರಿಗೆ ಅಕ್ಷರದವರು, ಹೀಗೆ ಒಬ್ಬರಿಗೆ ಇನ್ನೊಬ್ಬರ ಕಸುಬು ಅರ್ಧ ಮಾತ್ರ ಗೊತ್ತಿರಬೇಕು.

ಮೊದಲ ಅಭ್ಯಾಸ: ಅರ್ಧ ಬಿಟ್ಟು ಕೊಡುವುದು. ಪ್ರತಿಯೊಬ್ಬರೂ ಎ-3 ಅಳತೆಯ ಹಾಳೆಯಲ್ಲಿ ಅರ್ಧ ಮುಗಿದ ಕೆಲಸ ತರಬೇಕು. ಅದಲುಬದಲು ಮಾಡಿಕೊಂಡು 90 ನಿಮಿಷ, ಮಾತಿಲ್ಲ. ಹಾಳೆಯ ಮೂರನೇ ಒಂದು ಭಾಗದವರೆಗೆ ಮುಚ್ಚಬಹುದು, ಅದಕ್ಕಿಂತ ಹೆಚ್ಚಿಗಿಲ್ಲ. ಕನಿಷ್ಠ ಒಂದು ಕಡೆಯಾದರೂ ಅವರ ಗೆರೆಯ ಮೇಲೆಯೇ ಕೈಯಾಡಿಸಬೇಕು. ಮಿತಿ ಹಾಕದಿದ್ದರೆ ಸಂಕೋಚದವರು ಅಂಚಿನಲ್ಲಿ ಒಂದು ಬಳ್ಳಿ ಬರೆದು ಹಿಂತಿರುಗಿಸುತ್ತಾರೆ, ಧೈರ್ಯಸ್ಥರು ಎಲ್ಲವನ್ನೂ ಬಳಿದುಹಾಕುತ್ತಾರೆ. ಈ ಕಾರ್ಯಕ್ರಮದ ನಿಜವಾದ ರೋಗ ಜಗಳವಲ್ಲ, ಆ ಅಂಚಿನ ಬಳ್ಳಿ. ವಿನಯದಿಂದ ಇಬ್ಬರೂ ಒಬ್ಬರ ಕೆಲಸವನ್ನೊಬ್ಬರು ಮುಟ್ಟದೆ ಬಿಟ್ಟರೆ ಕೊನೆಗೆ ಸಿಗುವುದು ಅಕ್ಕಪಕ್ಕ ತೂಗುಹಾಕಿದ ಎರಡು ಒಂಟಿ ಕೃತಿ.

ಎರಡನೆಯದು ಲೇಖನಿಯ ಅಭ್ಯಾಸ. ಅಕ್ಷರ ಬರೆಯದವರೂ ಇದನ್ನು ಮಾಡಲಿ. ಒಂದೊಂದು ಜೊಂಡಿನ ಲೇಖನಿ, ಮೂರು ಮಿಲಿಮೀಟರ್ ತುದಿ, ಮಸಿ, ನಯವಾದ ಕಾಗದ. ಅರಬ್ಬಿಯ ‘ಕಲಮ್’ ಮತ್ತು ಹೀಬ್ರೂ ಲಿಪಿಕಾರರ ‘ಕುಲ್ಮುಸ್’ ಎರಡೂ ಗ್ರೀಕಿನ ‘ಕಾಲಮೊಸ್’ನಿಂದ ಬಂದವು. ಎರಡೂ ಬಲದಿಂದ ಎಡಕ್ಕೆ ಸಾಗುತ್ತವೆ. ಸಾಮ್ಯ ಅಲ್ಲಿಗೆ ಮುಗಿಯಿತು; ಸ್ವಾರಸ್ಯ ಇರುವುದು ವ್ಯತ್ಯಾಸದಲ್ಲಿ. ಕಾಗದಕ್ಕೆ ಒಂದು ಗೆರೆ ಎಳೆಯಿರಿ. ಹೀಬ್ರೂ ಅಕ್ಷರ ಆ ಗೆರೆಗೆ ತಲೆ ತಾಗಿಸಿ ಕೆಳಕ್ಕೆ ತೂಗುತ್ತದೆ, ಅರಬ್ಬಿ ಅಕ್ಷರ ಅದೇ ಗೆರೆಯ ಮೇಲೆ ಕೂರುತ್ತದೆ. ಯಹೂದಿ ಧರ್ಮಗ್ರಂಥ ತೋರಾದ ಸುರುಳಿಯಲ್ಲಿ ಪ್ರತಿ ಅಕ್ಷರದ ಸುತ್ತ ಬರಿಯ ಚರ್ಮಪತ್ರ ಕಾಣಬೇಕು. ಒಂದಕ್ಕೊಂದು ತಾಗಿತೆಂದರೆ ತಿದ್ದುವವರೆಗೆ ಆ ಸುರುಳಿ ಓದಲು ಬರುವುದಿಲ್ಲ. ಅರಬ್ಬಿಯಲ್ಲಿ ಆರು ಅಕ್ಷರ ಬಿಟ್ಟರೆ ಉಳಿದವೆಲ್ಲ ಮುಂದಿನದರ ಕೈ ಹಿಡಿಯಲೇಬೇಕು. ಬಾಗ್ದಾದಿನ ಲಿಪಿಕಾರ ಇಬ್ನ್ ಮುಕ್ಲಾ ಹತ್ತನೇ ಶತಮಾನದಲ್ಲಿ ಲೇಖನಿಯ ತುದಿ ಒತ್ತಿ ಮೂಡುವ ಚುಕ್ಕೆಯನ್ನೇ ಅಳತೆಗೋಲು ಮಾಡಿದ. ಅರಬ್ಬಿಯ ಮೊದಲ ಅಕ್ಷರ ಅಲಿಫ್ ಎಷ್ಟು ಚುಕ್ಕೆ ಎತ್ತರ ಎಂಬುದರ ಮೇಲೆ ಉಳಿದ ಅಕ್ಷರಗಳ ಪ್ರಮಾಣ. ಒಂದೇ ಗೆರೆಯ ಕೆಳಗೆ ಒಬ್ಬರು ಹೀಬ್ರೂವಿನ ಮೊದಲಕ್ಷರ ಆಲೆಫ್ ತೂಗಿಸಲಿ, ಮೇಲೆ ಇನ್ನೊಬ್ಬರು ಅಲಿಫ್ ಕೂರಿಸಲಿ, ಇಪ್ಪತ್ತು ಸಲ. ಹನ್ನೊಂದನೆಯದೋ ಹನ್ನೆರಡನೆಯದೋ ಬರುವ ಹೊತ್ತಿಗೆ ಗೆರೆಯ ಎರಡೂ ಬದಿಯ ಖಾಲಿ ಜಾಗವನ್ನು ಇಬ್ಬರೂ ನೋಡಲು ಶುರುಮಾಡುತ್ತಾರೆ. ಮಾತಾಡುವುದಿದ್ದರೆ ಆಗ ಮಾತಾಡಲಿ.

ಸಂಗೀತಗಾರರಿದ್ದರೆ ಶ್ರುತಿಯ ಸಂಗತಿ ಮೊದಲೇ ನೋಡಿಕೊಳ್ಳಿ. ಪೂರ್ವ ಯುರೋಪಿನ ಯಹೂದಿ ಜನಪದ ಸಂಗೀತವಾದ ಕ್ಲೆಜ್ಮರ್‌ನ ಕ್ಲಾರಿನೆಟ್‌ನವರು ‘ಫ್ರೇಗಿಶ್’ ಎಂದು ನುಡಿಸುವ ಸ್ವರಾವಳಿಯೂ ಅರಬ್ಬರ ಹಿಜಾಜ್ ಮಕಾಮೂ (ನಮ್ಮ ರಾಗದಂಥದ್ದು) ಹತ್ತಿರದ ನೆಂಟರು. ಅಲ್ಲಿಂದ ಶುರುಮಾಡಿದರೆ ಮೊದಲ ದಿನವೇ ಕೂಡುತ್ತದೆ. ರಾಸ್ತ್ ಅಥವಾ ಬಯಾತಿ ಮಕಾಮಿನಿಂದ ಶುರುಮಾಡಿದರೆ ಪಿಯಾನೊದ ಎರಡು ಕೀಲಿಗಳ ನಡುವೆ ಬೀಳುವ ಸ್ವರಗಳು ಬರುತ್ತವೆ. ಅರಬ್ ತಂತಿವಾದ್ಯ ಔದ್‌ನವರು ಅವನ್ನು ನುಡಿಸುತ್ತಾರೆ, ಕೀಬೋರ್ಡ್‌ನವರು ಬೆವರುತ್ತಾರೆ.

ಚರಿತ್ರೆಗೆ ಎರಡು ಸಂಜೆ ಸಾಕು. ಸ್ಪೇನಿನ ಟೊಲೆಡೊದಲ್ಲಿ 14ನೇ ಶತಮಾನದಲ್ಲಿ ಸ್ಯಾಮ್ಯುಯೆಲ್ ಹಾಲೆವಿ ಕಟ್ಟಿಸಿದ ಯಹೂದಿ ಪ್ರಾರ್ಥನಾಮಂದಿರ, ಅಂದರೆ ಸಿನಗಾಗ್‌ನ ಗಾರೆಗೋಡೆಯಲ್ಲಿ ಹೀಬ್ರೂ ಜೊತೆ ಅರಬ್ಬಿ ಬರಹವೂ ಹೆಣೆದಿದೆ. 1008ರ ಸುಮಾರಿಗೆ ಕೈರೊದಲ್ಲಿ ಬರೆದ, ಈಗ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿರುವ ಹೀಬ್ರೂ ಬೈಬಲ್‌ನ ಚಿತ್ರಪುಟಗಳನ್ನು ಆ ಕಾಲದ ಕುರಾನ್ ಪ್ರತಿಗಳ ಅಲಂಕಾರ ಪುಟಗಳ ಪಕ್ಕ ಇಟ್ಟು ತೋರಿಸಿ. 1932ರ ಕೈರೊ ಅರಬ್ ಸಂಗೀತ ಸಮ್ಮೇಳನಕ್ಕೆ ಇರಾಕ್ ಕಳಿಸಿದ ತಂಡದಲ್ಲಿ ಗಾಯಕ ಮುಹಮ್ಮದ್ ಅಲ್ ಕುಬ್ಬಾಂಜಿ ಮುಸ್ಲಿಂ, ಪಕ್ಕವಾದ್ಯದವರಲ್ಲಿ ಹೆಚ್ಚಿನವರು ಯಹೂದಿಗಳು. ಆದರೆ ಇಷ್ಟನ್ನೇ ತೋರಿಸಿ ‘ಎಂಥ ಸುವರ್ಣಯುಗ’ ಎಂದು ನಿಟ್ಟುಸಿರು ಬಿಡಬೇಡಿ. ಅರಬ್ಬಿಯಲ್ಲೇ ತತ್ತ್ವಗ್ರಂಥ ಬರೆದ ಯಹೂದಿ ದಾರ್ಶನಿಕ ಮೈಮೊನಿಡೀಸ್‌ನ ಕುಟುಂಬ, 1148ರಲ್ಲಿ ಉತ್ತರ ಆಫ್ರಿಕದ ಮುಸ್ಲಿಂ ಅರಸರಾದ ಅಲ್ಮೊಹದರು ಸ್ಪೇನಿನ ಕೊರ್ಡೋಬಾ ಹಿಡಿದ ಮೇಲೆ ಊರು ಬಿಡಬೇಕಾಯಿತು. ಇರಾಕಿನ ಆ ವಾದ್ಯಗಾರರ ಸಮುದಾಯ 1950–51ರಲ್ಲಿ ಬಹುತೇಕ ಪೂರ್ತಿಯಾಗಿ ದೇಶ ತೊರೆಯಿತು. 1948ರಲ್ಲಿ ಏಳು ಲಕ್ಷದಷ್ಟು ಪ್ಯಾಲೆಸ್ತೀನಿಯರು ಮನೆಮಠ ಕಳೆದುಕೊಂಡರು. ಒಂದನ್ನು ಹೇಳಿ ಇನ್ನೊಂದನ್ನು ನುಂಗಿದರೆ ಕೋಣೆಯಲ್ಲಿ ಯಾರೋ ಒಬ್ಬರು ಅಂದಿನಿಂದ ಮಾತು ನಿಲ್ಲಿಸುತ್ತಾರೆ.

ಸಾಮಗ್ರಿ, ಕಸ, ಊಟ

ತೈಲವರ್ಣದ ಬಿರುಸು ಬ್ರಷ್‌ಗಳು ಹಂದಿ ಕೂದಲಿನವು. ಅನೇಕ ಮುಸ್ಲಿಮರು ಅವನ್ನು ಮುಟ್ಟುವುದಿಲ್ಲ. ಸಿಂಥೆಟಿಕ್ ತರಿಸಿ, ಸ್ಟುಡಿಯೊದಲ್ಲಿ ಎರಡೂ ಬೆರೆಯದಂತೆ ಡಬ್ಬ ಬೇರೆ ಇಡಿ. ಕೆಲವು ಜಲವರ್ಣ ಕಾಗದಗಳಿಗೆ ಪ್ರಾಣಿಜನ್ಯ ಜೆಲಾಟಿನ್ ಸವರಿರುತ್ತಾರೆ, ಹಳೆ ಪದ್ಧತಿಯ ಕ್ಯಾನ್ವಾಸ್ ಅಸ್ತರಿಗೆ ಮೊಲದ ಚರ್ಮದ ಅಂಟು. ಯಹೂದಿ ಆಹಾರನಿಯಮ ತಿನ್ನುವುದಕ್ಕೆ ಸಂಬಂಧಿಸಿದ್ದು, ಅಂಟಿಗೆ ಅಡ್ಡಬರುವುದಿಲ್ಲ. ಬಟ್ಟೆಯ ವಿಷಯ ಬೇರೆ: ಉಣ್ಣೆ ಮತ್ತು ಲಿನನ್ ಬೆರೆತ ಉಡುಪನ್ನು ಆಚರಣೆಯುಳ್ಳ ಯಹೂದಿ ತೊಡುವಂತಿಲ್ಲ. ಗೋಡೆಗೆ ತೂಗುಹಾಕಿದರೆ ಸರಿ, ಪ್ರದರ್ಶನದಲ್ಲಿ ಮೈಮೇಲೆ ಹಾಕಿಕೊಂಡು ನಡೆಯಬೇಕೆಂದರೆ ಸರಿಯಲ್ಲ. ಅದೇ ರೀತಿ ರೇಷ್ಮೆ ಮತ್ತು ಚಿನ್ನ ಮುಸ್ಲಿಂ ಗಂಡಸರಿಗೆ ನಿಷಿದ್ಧ. ನೂಲು ಕೊಳ್ಳುವ ಮೊದಲೇ ಕೇಳಿ.

ಈಗ ಆ ಪೆಟ್ಟಿಗೆ. ದೇವರ ಹೆಸರಿರುವ ಹೀಬ್ರೂ ಹಾಳೆಯನ್ನು ಕಸಕ್ಕೆ ಹಾಕುವುದಿಲ್ಲ, ಗೆನಿಜಾ ಎಂಬ ಕೂಡಿಡುವ ಜಾಗದಲ್ಲಿಟ್ಟು ಕಡೆಗೆ ಹೂಳುತ್ತಾರೆ. ಕೈರೊದ ಬೆನ್ ಎಜ್ರಾ ಸಿನಗಾಗ್‌ನಲ್ಲಿ ಹೀಗೆ ಕೂಡಿಬಿದ್ದ ಲಕ್ಷಾಂತರ ತುಣುಕುಗಳನ್ನೇ 1896–97ರಲ್ಲಿ ವಿದ್ವಾಂಸ ಸಾಲೊಮನ್ ಶೆಕ್ಟರ್ ಕೇಂಬ್ರಿಜ್‌ಗೆ ಒಯ್ದದ್ದು. ಕುರಾನಿನ ಸವೆದ ಹಾಳೆಗೂ ಇಂಥದೇ ಮರ್ಯಾದೆ ಇದೆ. 1972ರಲ್ಲಿ ಯೆಮೆನ್ ದೇಶದ ಸನಾದ ದೊಡ್ಡ ಮಸೀದಿಯ ದುರಸ್ತಿಯಲ್ಲಿ ಸಿಕ್ಕ ಹಸ್ತಪ್ರತಿಗಳು ಹಾಗೆ ಎತ್ತಿಟ್ಟವು. ಅಕ್ಷರದ ಅಭ್ಯಾಸ ನಡೆಯುವ ಸ್ಟುಡಿಯೊದಲ್ಲಿ ದಿನಕ್ಕೆ ನೂರು ಹಾಳೆ ಹಾಳಾಗುತ್ತದೆ. ಸ್ವಚ್ಛತಾ ಸಿಬ್ಬಂದಿ ಅದನ್ನು ಗುಡಿಸಿ ಒದ್ದೆ ಕಸದ ಜೊತೆ ಸೇರಿಸಿದರೆ ತಪ್ಪು ಅವರದಲ್ಲ, ನಿಮ್ಮದು. ಮುಚ್ಚಳದ ಪೆಟ್ಟಿಗೆ ಸೊಂಟದ ಎತ್ತರದಲ್ಲಿರಲಿ, ನೆಲದ ಮೇಲೆ ಬೇಡ. ತುಂಬಿದಾಗ ಒಂದು ಸಿನಗಾಗ್ ಮತ್ತು ಒಂದು ಮಸೀದಿಯವರಿಗೆ ಒಪ್ಪಿಸುವ ಏರ್ಪಾಡು ಮೊದಲೇ ಮಾಡಿಕೊಳ್ಳಿ. ಇದೇ ಕಾರಣಕ್ಕೆ, ಪವಿತ್ರ ಪಠ್ಯವನ್ನು ನೆಲಕ್ಕೆ ಹಾಸಿ ಜನ ತುಳಿಯುವಂಥ ಇನ್‌ಸ್ಟಲೇಶನ್ ಯೋಜನೆ ಬಂದರೆ ರೇಖಾಚಿತ್ರದ ಹಂತದಲ್ಲೇ ಮಾತಾಡಿ. ಕಟ್ಟಿದ ಮೇಲೆ ಬಿಚ್ಚುವುದು ಅವಮಾನ.

ಊಟ: ಹಲಾಲ್ ತಂದರೆ ಎಲ್ಲರಿಗೂ ಆಯಿತು ಎಂಬುದು ತಪ್ಪು. ಕೋಶರ್ (ಯಹೂದಿ ಆಹಾರನಿಯಮಕ್ಕೆ ಸಲ್ಲುವ) ಮಾಂಸವನ್ನು ಒಪ್ಪುವ ಮುಸ್ಲಿಮರಿದ್ದಾರೆ, ಹಲಾಲ್ ಮಾಂಸವನ್ನು ಕೋಶರ್ ಪಾಲಿಸುವವರು ಒಪ್ಪುವುದಿಲ್ಲ. ಬರೇ ಸಸ್ಯಾಹಾರವೂ ಸಾಲದು, ಅಡುಗೆಮನೆ ಮತ್ತು ಪಾತ್ರೆ ಕೋಶರ್ ಆಗಿರಬೇಕು. ಕೋಶರ್ ಮುದ್ರೆಯಿರುವ, ಮದ್ಯ ಬೆರೆಯದ, ಹಾಲಿನ ಅಥವಾ ಮೀನಿನ ಊಟ ಮುಚ್ಚಿದ ಡಬ್ಬದಲ್ಲಿ ಬಂದರೆ ಹೆಚ್ಚಿನವರಿಗೆ ಸಲ್ಲುತ್ತದೆ. ಪೆಸಾಹ್ ವಾರದಲ್ಲಿ ಹುಳಿಹಿಟ್ಟಿನ ಪದಾರ್ಥ ತರಲೇಬೇಡಿ. ನಮಾಜಿಗೆ ಒಂದು ಶಾಂತ ಕೋಣೆ, ಕಿಬ್ಲಾ (ಮೆಕ್ಕಾದ) ದಿಕ್ಕಿನ ಗುರುತು, ಕೈಕಾಲು ತೊಳೆಯಲು ನೀರು.

ಕರಾರುಪತ್ರ

ಒಂಬತ್ತನೇ ವಾರ, ಜೋಡಿ ಗೊತ್ತಾದ ಕೂಡಲೇ ಎರಡು ಪುಟದ ಕರಾರಿಗೆ ಸಹಿ ಹಾಕಿಸಿ. ಆಗ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ವಿಶ್ವಾಸವಿರುತ್ತದೆ, ಕೃತಿಗೆ ಇನ್ನೂ ಬೆಲೆ ಬಂದಿರುವುದಿಲ್ಲ. ಬರೆಯಬೇಕಾದದ್ದು: ಒಡೆತನ ಅರ್ಧರ್ಧ. ಮಾರಾಟಕ್ಕೆ ಇಬ್ಬರ ಸಹಿ. ಹೆಸರಿನ ಕ್ರಮ ಯಾವುದು, ಅದು ಪ್ರದರ್ಶನದಿಂದ ಪ್ರದರ್ಶನಕ್ಕೆ ಅದಲುಬದಲಾಗುತ್ತದೆಯೇ. ಒಬ್ಬರು ಹಿಂದೆ ಸರಿದರೆ ಇನ್ನೊಬ್ಬರು ಕೃತಿಯನ್ನು ಮುಗಿಸಬಹುದೇ, ಆಗ ಮೊದಲಿನವರ ಹೆಸರು ಇರುತ್ತದೆಯೇ. ಯಾವ ಸಂದರ್ಭದಲ್ಲಿ ಕೃತಿಯನ್ನು ತೋರಿಸುವುದಿಲ್ಲ. ಮೊದಲ ರೇಖಾಚಿತ್ರಗಳು ಯಾರ ಬಳಿ ಉಳಿಯುತ್ತವೆ. ಕಾನೂನು ತಾನೇ ನೋಡಿಕೊಳ್ಳುತ್ತದೆ ಎಂದುಕೊಳ್ಳಬೇಡಿ: ಜಂಟಿ ಕೃತಿಯ ಪರವಾನಗಿಯನ್ನು ಅಮೆರಿಕದಲ್ಲಿ ಒಬ್ಬ ಸಹ-ಒಡೆಯ ಇನ್ನೊಬ್ಬರನ್ನು ಕೇಳದೆ ಬೇರೆಯವರಿಗೆ ಕೊಡಬಹುದು, ಏಕಸ್ವಾಮ್ಯದ್ದಾಗಿರಬಾರದು ಮತ್ತು ಬಂದ ಲಾಭದಲ್ಲಿ ಪಾಲು ಕೊಡಬೇಕು ಅಷ್ಟೇ. ಬ್ರಿಟನ್‌ನಲ್ಲಿ ಎಲ್ಲರ ಒಪ್ಪಿಗೆ ಬೇಕು. ಯಾವ ರಾಜಕೀಯ ಸಭೆಯ ವೇದಿಕೆಯ ಮೇಲೋ, ಯಾವ ಪಕ್ಷದ ಕರಪತ್ರದ ಮೇಲೋ ತಮ್ಮ ಅರ್ಧ ಕೃತಿ ಕಾಣಿಸಿಕೊಂಡಾಗ ಈ ವ್ಯತ್ಯಾಸ ನೆನಪಾಗುತ್ತದೆ.

ಹಣವನ್ನು ನೂರು ಪಾಲು ಅಂದುಕೊಂಡರೆ ಐವತ್ತು ಕಲಾವಿದರ ಗೌರವಧನಕ್ಕೆ, ಹದಿನೈದು ಸಾಮಗ್ರಿಗೆ, ಹದಿನೈದು ಸಂಯೋಜಕರಿಗೆ, ಹನ್ನೆರಡು ಪ್ರದರ್ಶನಕ್ಕೆ, ಎಂಟು ಮೀಸಲು. ಗೌರವಧನ ಮೂರು ಕಂತು: ಶುರುವಿಗೆ 40, ನಡುವೆ 40, ಕೊನೆಗೆ 20. ಕೊನೆಯ ಕಂತನ್ನು ‘ಕೃತಿ ಮುಗಿದರೆ ಮಾತ್ರ’ ಎಂದು ಕಟ್ಟಿಹಾಕಬೇಡಿ. ಮುರಿದ ಜೋಡಿ ಹಣಕ್ಕಾಗಿ ಜೊತೆಗಿರುವಂತೆ ನಟಿಸಿದರೆ ಆ ನಟನೆ ಗೋಡೆಯ ಮೇಲೆ ಕಾಣುತ್ತದೆ. ದಾನಿಗಳಿಗೆ ಕೃತಿಯ ಮೇಲೆ ಯಾವ ವೀಟೊ ಇಲ್ಲ ಎಂದು ಬರಹದಲ್ಲಿ ಪಡೆದುಕೊಳ್ಳಿ, ಒಂದೇ ಕಡೆಯ ದಾನಿಯಿಂದ ಅರ್ಧಕ್ಕಿಂತ ಹೆಚ್ಚು ತೆಗೆದುಕೊಳ್ಳಬೇಡಿ.

ಸುದ್ದಿ ಸಿಡಿದ ದಿನ

2023ರ ಅಕ್ಟೋಬರ್ 7ರ ಹಮಾಸ್ ದಾಳಿ, ಅದರ ಹಿಂದೆಯೇ ಗಾಜಾದ ಯುದ್ಧ: ಇಂಥದ್ದೇನಾದರೂ ಒಂಬತ್ತು ತಿಂಗಳ ನಡುವೆ ನಡೆಯುವುದಿಲ್ಲ ಎಂದು ಯಾರೂ ಹೇಳಲಾರರು. ಆ ದಿನ ಏನು ಮಾಡುವುದೆಂದು ಆ ದಿನ ಯೋಚಿಸಬಾರದು. ಮೊದಲ ವಾರದಲ್ಲೇ ಬರೆದು ಗೋಡೆಗೆ ಅಂಟಿಸಿ.

ಮೊದಲ 48 ಗಂಟೆ ಗುಂಪು ಸಭೆ ಇಲ್ಲ, ಗುಂಪಿನ ವಾಟ್ಸ್‌ಆ್ಯಪ್‌ನಲ್ಲಿ ಸುದ್ದಿ, ವಿಡಿಯೊ, ಅಭಿಪ್ರಾಯ ಹಾಕುವಂತಿಲ್ಲ. ಇಬ್ಬರು ಸಂಯೋಜಕರು ಹನ್ನೆರಡು ಜನರಿಗೂ ಒಬ್ಬೊಬ್ಬರಿಗೆ ಫೋನ್ ಮಾಡುತ್ತಾರೆ, ಆರಾರು ಜನರನ್ನು ಹಂಚಿಕೊಂಡು, ತಮ್ಮ ಕಡೆಯವರನ್ನಷ್ಟೇ ಅಲ್ಲ. ಕೇಳುವುದು ಎರಡೇ: ನಿಮ್ಮವರು ಕ್ಷೇಮವೇ, ಈ ವಾರ ಸ್ಟುಡಿಯೊಗೆ ಬರುತ್ತೀರಾ. ಬಾರದಿದ್ದರೆ ಗೌರವಧನ ಕಡಿತವಿಲ್ಲ. ಮೂರನೇ ದಿನ ಸ್ಟುಡಿಯೊ ತೆರೆದಿರುತ್ತದೆ, ಸಭೆಗಲ್ಲ, ಕೆಲಸಕ್ಕೆ. ಒಂದು ವಾರವಾದ ಮೇಲೆ ಸಭೆ, ಎರಡು ಗಂಟೆ, ತರಬೇತಾದ ಮಧ್ಯಸ್ಥರೊಬ್ಬರ ಸಮ್ಮುಖ. ಒಬ್ಬರಿಗೆ ನಾಲ್ಕು ನಿಮಿಷ, ನಡುವೆ ಬಾಯಿ ಹಾಕುವಂತಿಲ್ಲ, ತಮಗಾದದ್ದನ್ನು ಹೇಳಬೇಕೇ ಹೊರತು ‘ನಿಮ್ಮವರು’ ಎಂದು ಶುರುಮಾಡುವ ವಾಕ್ಯ ಇಲ್ಲ.

ಈ ಹೊತ್ತಿನಲ್ಲಿ ಎಲ್ಲರಿಗೂ ಬರುವ ಮೊದಲ ಯೋಚನೆ ಜಂಟಿ ಹೇಳಿಕೆ. ಮಾಡಬೇಡಿ. ಹನ್ನೆರಡು ಜನ ಒಂದು ಪ್ಯಾರಾಗ್ರಾಫ್‌ನ ಪದ ಪದಕ್ಕೆ ಜಗ್ಗಾಡಿ, ಕೊನೆಗೆ ಯಾರಿಗೂ ಒಪ್ಪಿಗೆಯಾಗದ, ಎಲ್ಲರ ಮನೆಯಲ್ಲೂ ಬೈಗುಳ ತರುವ ಆರು ಸಾಲು ಹುಟ್ಟುತ್ತವೆ. ಸಂಸ್ಥೆ ಹೇಳುವುದಿದ್ದರೆ ಸಂಸ್ಥೆಯ ಹೆಸರಲ್ಲಿ ಹೇಳಲಿ, ಕಲಾವಿದರನ್ನು ಎಳೆಯಬಾರದು. ಪತ್ರಿಕೆಯವರು ‘ಒಬ್ಬ ಯಹೂದಿ, ಒಬ್ಬ ಮುಸ್ಲಿಂ, ಕೈ ಹಿಡಿದಿರುವ ಫೋಟೊ’ ಕೇಳಿಯೇ ಕೇಳುತ್ತಾರೆ. ಫೋಟೊಗೆ ಪ್ರತಿ ಸಲವೂ ಪ್ರತ್ಯೇಕ ಒಪ್ಪಿಗೆ ಬೇಕು. ಮನೆವಿಳಾಸ, ಮಕ್ಕಳ ಶಾಲೆ, ಸ್ಟುಡಿಯೊ ಇರುವ ಬೀದಿ ಯಾವುದೂ ಹೊರಗೆ ಹೋಗಬಾರದು. ಬೆದರಿಕೆ ಬಂದರೆ ಯಾರಿಗೆ ಕರೆ ಮಾಡಬೇಕೆಂಬ ಒಂದು ನಂಬರ್ ಎಲ್ಲರ ಫೋನಿನಲ್ಲೂ ಇರಲಿ.

ಹಿಂದೆ ಸರಿಯುವವರಿಗೆ ಬಾಗಿಲು ತೆರೆದಿಡಿ. ಉಳಿದ ಜೊತೆಗಾರರಿಗೆ ಮೂರು ದಾರಿ ಕೊಡಿ: ಒಂಟಿಯಾಗಿ ಮುಗಿಸುವುದು, ಇನ್ನೊಂದು ಜೋಡಿಗೆ ಮೂರನೆಯವರಾಗಿ ಸೇರುವುದು, ಅಥವಾ ಕೃತಿಯನ್ನು ಅರ್ಧಕ್ಕೇ ನಿಲ್ಲಿಸಿ ಹಾಗೆಯೇ ತೋರಿಸುವುದು. ಮೂರನೆಯದನ್ನು ಸೋಲೆಂದು ನೋಡಬೇಡಿ; ಅರ್ಧ ನೇಯ್ದ ಮಗ್ಗವನ್ನು ಹಾಗೆಯೇ ಗ್ಯಾಲರಿಗೆ ತಂದು ನಿಲ್ಲಿಸಿದರೆ, ಅಲ್ಲಿ ಖಾಲಿ ನೇತಾಡುವ ಹಾಸುನೂಲು ಏನು ಹೇಳಬೇಕೋ ಹೇಳುತ್ತದೆ.

ಗೋಡೆಗೆ ಏರಿಸುವುದು

ಉದ್ಘಾಟನೆ ಭಾನುವಾರದಿಂದ ಗುರುವಾರದೊಳಗೆ, ಸಂಜೆಯ ನಮಾಜಿಗೆ ಬಿಡುವು ಸಿಗುವ ಹೊತ್ತಿಗೆ. ಮದ್ಯ ಬೇಡ, ಬೇಕೆಂದು ಗ್ಯಾಲರಿ ಹಟ ಹಿಡಿದರೆ ಬೇರೆ ಕೋಣೆಯಲ್ಲಿ. ಪ್ರದರ್ಶನದ ಹೆಸರಿನಲ್ಲಿ ಸೇತುವೆ, ಬೆಳಕು, ಶಾಂತಿ ಎಂಬ ಮೂರು ಪದಗಳಿಗೆ ನಮ್ಮ ಕಡೆಯಿಂದ ನಿಷೇಧ. ಕೃತಿಯ ವಿವರಣೆ 80 ಪದ ಮೀರದಿರಲಿ, ಕಲಾವಿದರ ಧರ್ಮವನ್ನು ಅದರಲ್ಲಿ ಬರೆಯಬೇಕೇ ಎಂಬುದು ಅವರ ನಿರ್ಧಾರ.

ಹೀಬ್ರೂ ಮತ್ತು ಅರಬ್ಬಿ ಪಠ್ಯ ಮುದ್ರಣಕ್ಕೆ ಹೋಗುವಾಗ ಆಗುವ ಅನಾಹುತ ಒಂದಿದೆ, ಅದು ಮತ್ತೆ ಮತ್ತೆ ಆಗುತ್ತದೆ. ಬಲದಿಂದ ಎಡಕ್ಕೆ ಓಡುವ ಬರಹಕ್ಕೆ ಹೊಂದಿಸದ ಸಾಫ್ಟ್‌ವೇರ್‌ಗೆ ಅಂಟಿಸಿದರೆ ಹೀಬ್ರೂ ಸಾಲು ತಿರುಗುಮುರುಗಾಗುತ್ತದೆ. ಅರಬ್ಬಿ ತಿರುಗುವುದರ ಜೊತೆಗೆ ಅಕ್ಷರಗಳು ಕೈಬಿಟ್ಟು ಬಿಡಿಬಿಡಿಯಾಗಿ ನಿಲ್ಲುತ್ತವೆ. ಬಾರದವರ ಕಣ್ಣಿಗೆ ಎರಡೂ ಅಂದವಾಗಿಯೇ ಕಾಣುವುದರಿಂದ ಪ್ರೂಫ್‌ನಲ್ಲಿ ಸಿಕ್ಕುವುದಿಲ್ಲ. ಸಾಲಿನ ನಡುವಿನ ಇಸವಿ ಮಾತ್ರ ಎಡದಿಂದ ಬಲಕ್ಕೇ ಓದಬೇಕು, ಅದೂ ಎಡವುತ್ತದೆ. ಪಠ್ಯವನ್ನು ಅಕ್ಷರವಾಗಿ ಕಳಿಸದೆ ರೇಖಾರೂಪಕ್ಕೆ ಬದಲಿಸಿದ ಪಿಡಿಎಫ್ ಕಳಿಸಿ. ಮುದ್ರಣಾಲಯದಿಂದ ಬಂದ ಕಾಗದದ ಪ್ರತಿಯನ್ನು ಆ ಭಾಷೆ ಓದಬಲ್ಲ ಒಬ್ಬೊಬ್ಬರು ಗಟ್ಟಿಯಾಗಿ ಓದಿ, ಅಂಚಿನಲ್ಲಿ ಸಹಿ ಹಾಕಿದ ಮೇಲಷ್ಟೇ ಗೋಡೆಗೆ ಅಂಟಿಸಿ.

ಪ್ರದರ್ಶನ ಮುಗಿದ ವಾರ ಕೃತಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ತೂಗುಹಾಕುವ ಮೊದಲೇ ಗೊತ್ತುಮಾಡಿ. ಇಬ್ಬರಿಗೆ ಸೇರಿದ ವಸ್ತುವನ್ನು ಒಬ್ಬರ ಮನೆಗೆ ಕಳಿಸಿದರೆ ಅದು ಅವರದೇ ಆಗಿಬಿಡುತ್ತದೆ. ಕನಿಷ್ಠ ಆರು ತಿಂಗಳು ಸಂಸ್ಥೆಯ ಉಗ್ರಾಣದಲ್ಲಿ, ವಿಮೆ ಮಾಡಿಸಿ, ಎರಡು ಬೀಗ ಹಾಕಿ ಇಡಿ. ಕೀಲಿ ಒಬ್ಬೊಬ್ಬರಿಗೆ ಒಂದೊಂದು.